ಮನೆ ಹಿಂದಿನ ಧರೆಗೆ ಏನು ಮಾಡಿಸೋದು: ಗೋಡೆಯೋ, ಲಾವಂಚವೋ, ಚರಂಡಿಯೋ?

ಕಾಫಿ ಕುಯ್ಲು ಮುಗಿದು ಕೈಗೆ ನಾಲ್ಕು ಕಾಸು ಬರುವ ಹೊತ್ತಿಗೆ ನಮ್ಮ ಕಡೆ ಈ ಮಾತು ಶುರುವಾಗುತ್ತದೆ. ಹೋದ ಮಳೆಗಾಲದಲ್ಲಿ ಮನೆ ಹಿಂದಿನ ಧರೆ, ಅಂದರೆ ಗುಡ್ಡ ಕಡಿದ ಕಡೆ ನಿಂತ ಮಣ್ಣಿನ ಗೋಡೆ, ಒಂದಿಷ್ಟು ಜರಿದಿದೆ. ಈ ಸಲವಾದರೂ ತಡೆಗೋಡೆ ಕಟ್ಟಿಸೋಣವಾ? ಲಾವಂಚದ ಹುಲ್ಲು ನೆಟ್ಟರೆ ಸಾಕಂತೆ, ಹೌದಾ? ಹಿಟಾಚಿ ತರಿಸಿ ಧರೆಯನ್ನೇ ಇನ್ನಷ್ಟು ಹಿಂದಕ್ಕೆ ಕಡಿಸಿಬಿಟ್ಟರೆ? ಸಕಲೇಶಪುರದಿಂದ ಶೃಂಗೇರಿವರೆಗೆ ಯಾವ ಊರಿಗೆ ಹೋದರೂ ಇದೇ ಪ್ರಶ್ನೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನೀರಿಗೆ ದಾರಿ ಮೊದಲು, ಉಳಿದದ್ದೆಲ್ಲ ಆಮೇಲೆ. ಇರುವ ದುಡ್ಡು ಒಂದೇ ಕೆಲಸಕ್ಕೆ ಸಾಲುವುದಾದರೆ ಅದು ಚರಂಡಿಗೆ ಹೋಗಲಿ.

ಇದು ಮಲೆನಾಡಿನ ಮನೆಗಳಿಗೆ ಬರೆದದ್ದು. ಸಕಲೇಶಪುರ, ಆಲೂರು, ಮೂಡಿಗೆರೆ, ಕಳಸ, ಕೊಪ್ಪ, ಎನ್‌.ಆರ್‌. ಪುರ, ಶೃಂಗೇರಿ, ಬೇಲೂರಿನ ಪಡುವಣ ಕಡೆಯ ಹಳ್ಳಿಗಳು. ಕಡೂರು, ಅರಸೀಕೆರೆ ಕಡೆಯವರ ಚಿಂತೆ ಬರದ್ದು, ಅದರ ಲೆಕ್ಕವೇ ಬೇರೆ.

ಧರೆ ಯಾಕೆ ಬೀಳುತ್ತದೆ

2018ರ ಆಗಸ್ಟ್‌ನಲ್ಲಿ ಕೊಡಗು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಸುತ್ತಮುತ್ತ, ಜೊತೆಗೆ ಚಾರ್ಮಾಡಿ ಘಾಟ್. 2024ರ ಜುಲೈನಲ್ಲಿ ಶಿರಾಡಿ ರಸ್ತೆಯ ದೊಡ್ಡತಪ್ಪಲು, ಅದೇ ತಿಂಗಳು ಎಡಕುಮೇರಿ ಹತ್ತಿರದ ರೈಲು ಹಳಿ. ಈ ತಿಂಗಳುಗಳನ್ನು ಗಮನಿಸಿ. ಜೂನ್‌ನ ಮೊದಲ ಮಳೆಗೆ ದೊಡ್ಡ ಕುಸಿತ ಆಗೋದು ಕಡಿಮೆ. ಪುನರ್ವಸು, ಪುಷ್ಯ, ಆಶ್ಲೇಷ ಮಳೆ ಬರುವ ಜುಲೈ, ಆಗಸ್ಟ್ ಹೊತ್ತಿಗೆ ಮಣ್ಣು ವಾರಗಟ್ಟಲೆ ನೀರು ಕುಡಿದು ಕೂತಿರುತ್ತದೆ. ಅದರ ಮೇಲೆ ಒಂದು ರಾತ್ರಿ ಜೋರಾಗಿ ಹೊಯ್ದರೆ ಸಾಕು.

ಮಣ್ಣಿನ ಸಂದಿಗಳಲ್ಲಿ ನೀರು ತುಂಬಿದಾಗ ಧರೆಯ ತೂಕ ಏರುತ್ತದೆ. ಅದೇ ಹೊತ್ತಿಗೆ ಒಳಗಿನ ನೀರಿನ ಒತ್ತಡದಿಂದ ಮಣ್ಣಿನ ಬಿಗಿ ಸಡಿಲವಾಗುತ್ತದೆ. ಕೆಳಗೆ ಬಂಡೆ ಇದ್ದರೆ ನೀರು ಅದರೊಳಗೆ ಇಳಿಯದೆ ಮೇಲೇ ಹರಿಯುತ್ತದೆ. ಆಗ ಮೇಲಿನ ಮಣ್ಣಿನ ಪದರ ಇಡೀ ಜಾರುತ್ತದೆ. ಇದಕ್ಕೆ ನಾವು ಸೇರಿಸುವುದು ಇನ್ನೊಂದು: ಅಂಗಳಕ್ಕೆ, ಬಚ್ಚಲಿಗೆ, ಕಾರು ನಿಲ್ಲಿಸಲು ಅಂತ ಧರೆಯ ಬುಡವನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪ ಕೆರೆಯುತ್ತೇವೆ. ಮೇಲಿನ ಮಣ್ಣನ್ನು ಹೊತ್ತು ನಿಂತಿರುವುದೇ ಆ ಬುಡ. ರಸ್ತೆ ಅಗಲ ಮಾಡಲು ಗುಡ್ಡವನ್ನು ನೆಟ್ಟಗೆ ಕಡಿದರೆ ಏನಾಗುತ್ತದೆ ಅಂತ ಶಿರಾಡಿಯಲ್ಲಿ ಎಲ್ಲರೂ ನೋಡಿದ್ದೇವೆ.

"ನಮ್ಮ ಅಜ್ಜನ ಕಾಲದಿಂದ ಈ ಮನೆ ಇದೆ, ಇಲ್ಲಿವರೆಗೆ ಏನೂ ಆಗಿಲ್ಲ" ಅನ್ನುವವರು ಬಹಳ. ಮನೆ ಅಜ್ಜನ ಕಾಲದ್ದೇ ಇರಬಹುದು. ಧರೆ ಅಜ್ಜನ ಕಾಲದ್ದಲ್ಲ. ಅಜ್ಜ ಗುದ್ದಲಿಯಲ್ಲಿ ನಾಲ್ಕಡಿ ಕಡಿದಿದ್ದ ಜಾಗದಲ್ಲಿ ಈಗ ಹದಿನೈದು ಅಡಿ ಎತ್ತರದ ಗೋಡೆಯಂತೆ ಮಣ್ಣು ನಿಂತಿದೆ.

ಚರಂಡಿ: ಅಗ್ಗದ್ದು, ಎಲ್ಲರೂ ಕಡೆಗಣಿಸುವುದು

ಒಂದು ಸಣ್ಣ ಲೆಕ್ಕ ಹಾಕಿ. ನಿಮ್ಮ ಮನೆಯ ಮಾಡು ಸಾವಿರ ಚದರಡಿ ಅಂದುಕೊಳ್ಳಿ. ಅದರ ಮೇಲೆ ಒಂದು ಇಂಚು, ಅಂದರೆ ತೋಟದವರ ಲೆಕ್ಕದಲ್ಲಿ 100 ಸೆಂಟ್ ಮಳೆ ಬಿದ್ದರೆ ಸುಮಾರು 2,300 ಲೀಟರ್ ನೀರು. ನಾಲ್ಕು ಇಂಚು ಬಿದ್ದ ದಿನ 9,000 ಲೀಟರ್ ದಾಟುತ್ತದೆ. ಅದರಲ್ಲಿ ಅರ್ಧ ಹಿಂದಿನ ಸೂರಿನಿಂದ ನೇರವಾಗಿ ಧರೆಯ ಬುಡಕ್ಕೆ ಬೀಳುತ್ತದೆ. ಇದು ಬರೀ ಮಾಡಿನ ನೀರು. ಧರೆಯ ಮೇಲಿನ ತೋಟದಿಂದ ಇಳಿದು ಬರುವುದು ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ.

ಆದ್ದರಿಂದ ಕೆಲಸ ಮೂರು ಕಡೆ. ಧರೆಯ ತಲೆಯಿಂದ ಕೆಲವು ಅಡಿ ಹಿಂದೆ, ಮೇಲಿನ ನೀರನ್ನು ಅಡ್ಡಕ್ಕೆ ಹಿಡಿದು ಪಕ್ಕದ ಹಳ್ಳಕ್ಕೆ ಒಯ್ಯುವ ಚರಂಡಿ. ಸೂರಿಗೆ ನೀರು ಹಿಡಿಯುವ ತಗಡಿನ ದೋಣಿ, ಆಗದಿದ್ದರೆ ಉದ್ದಕ್ಕೆ ಸೀಳಿದ ಪಿವಿಸಿ ಪೈಪು. ಧರೆಗೂ ಮನೆಗೂ ನಡುವೆ, ಬುಡವನ್ನು ಆಳಕ್ಕೆ ಕಡಿಯದೆ, ಒಂದು ಸಿಮೆಂಟು ಚರಂಡಿ.

ಮೇಲಿನ ಚರಂಡಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಎಡವಟ್ಟು ಆಗೋದು ಇಲ್ಲೇ. ಬರೀ ಮಣ್ಣಿನ ಚರಂಡಿ ತೋಡಿ ಬಿಟ್ಟರೆ ನೀರು ಅದರಲ್ಲೇ ನಿಂತು ಧರೆಯೊಳಗೆ ಇಂಗುತ್ತದೆ. ತೋಡದೆ ಇದ್ದಿದ್ದರೇ ವಾಸಿ ಅನ್ನುವ ಹಾಗಾಗುತ್ತದೆ. ತಳಕ್ಕೆ ಸಿಮೆಂಟು ಹಾಕಿಸಿ. ಅಷ್ಟು ದುಡ್ಡಿಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅಂಚಿಗೆ ಕಲ್ಲು ಇಡಿ. ನೀರು ನಿಲ್ಲದೆ ಓಡುವಷ್ಟು ಇಳಿಜಾರು ಇರಲಿ. ಅದು ಹೋಗಿ ಸೇರುವ ಜಾಗ ಕೆಳಗಿನ ಮನೆಯವರ ಧರೆ ಆಗಬಾರದು. ಇದಕ್ಕೆ ಪಕ್ಕದ ಮನೆಯವರ ಜೊತೆ ಕೂತು ಮಾತಾಡಲೇಬೇಕು. ಒಂದು ಸಾಲಿನಲ್ಲಿ ಐದಾರು ಮನೆ ಇದ್ದರೆ ಒಬ್ಬೊಬ್ಬರು ಒಂದೊಂದು ಚರಂಡಿ ಮಾಡುವ ಬದಲು ಎಲ್ಲರೂ ಸೇರಿ ಒಂದೇ ದೊಡ್ಡದನ್ನು ಮಾಡಿಸಿ. ಖರ್ಚೂ ಕಡಿಮೆ, ಜಗಳವೂ ಕಡಿಮೆ.

ಇಂಗುಗುಂಡಿ ಬಗ್ಗೆ ಒಂದು ಮಾತು. ಬಯಲುಸೀಮೆಗೆ ಅದು ಜೀವಜಲ. ಕಾಫಿ ತೋಟದಲ್ಲಿ ಗಿಡದ ಸಾಲಿನ ನಡುವೆ ತೆಗೆಯುವ ತೊಟ್ಟಿಲು ಗುಂಡಿಯೂ ಒಳ್ಳೆಯದೇ. ಆದರೆ ಮನೆಯ ನೆತ್ತಿಯ ಮೇಲಿನ ಪಟ್ಟಿಯಲ್ಲಿ ಎರಡೂ ಬೇಡ. ಅಲ್ಲಿ ನೀರು ಇಂಗಿಸುವುದೆಂದರೆ ಧರೆಯೊಳಗೆ ನಾವೇ ನೀರು ತುಂಬಿದ ಹಾಗೆ. ಪಾಯಿಖಾನೆಯ ಗುಂಡಿಯೂ ಅಷ್ಟೇ, ಧರೆಯ ಮೇಲೆ ಇರಬಾರದು.

ಚರಂಡಿಯ ದೋಷ ಒಂದೇ. ವರ್ಷ ವರ್ಷ ನೋಡಿಕೊಳ್ಳಬೇಕು. ಸಿಲ್ವರ್ ಓಕ್ ಎಲೆ ಬಿದ್ದು ಕಟ್ಟಿಕೊಂಡರೆ ಒಂದೇ ಮಳೆಗೆ ಉಕ್ಕಿ ಧರೆಯ ಮುಖದ ಮೇಲೇ ಸುರಿಯುತ್ತದೆ. ಜೂನ್‌ಗೆ ಮುಂಚೆ ಒಮ್ಮೆ, ಆಮೇಲೆ ಮಳೆ ಹೊಳವಾದಾಗಲೆಲ್ಲ ಒಮ್ಮೆ ಕೈಯಾಡಿಸಿ.

ತಡೆಗೋಡೆ: ಕಟ್ಟಿದರೆ ಸರಿಯಾಗಿ, ಇಲ್ಲದಿದ್ದರೆ ಬೇಡವೇ ಬೇಡ

ಗೋಡೆ ನೋಡಿದರೆ ಧೈರ್ಯ ಬರುತ್ತದೆ. ಅದಕ್ಕೇ ಎಲ್ಲರ ಮನಸ್ಸು ಮೊದಲು ಅಲ್ಲಿಗೆ ಹೋಗೋದು. ಬುಡ ಅಗಲವಿದ್ದು, ಗಟ್ಟಿ ನೆಲದವರೆಗೆ ಪಾಯ ಇಳಿದು, ಹಿಂದೆ ಜಲ್ಲಿ ತುಂಬಿ, ನೀರು ಹೊರಬರಲು ಪೈಪು ಇಟ್ಟ ಕಲ್ಲಿನ ಅಥವಾ ಕಾಂಕ್ರೀಟ್ ಗೋಡೆ ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಹಳ್ಳಿಗಳಲ್ಲಿ ನಾನು ಜಾಸ್ತಿ ನೋಡುವುದು ಆರಿಂಚಿನ ಸಿಮೆಂಟ್ ಇಟ್ಟಿಗೆಯ ಗೋಡೆ. ಧರೆಗೆ ಒತ್ತಿ ಕಟ್ಟಿ, ಸಂದಿಗೆ ಅದೇ ಮಣ್ಣು ತುಂಬಿ, ಒಂದೂ ತೂತಿಲ್ಲದೆ ನಯವಾಗಿ ಗಾರೆ ಮಾಡಿರುತ್ತಾರೆ. ಅದರ ಹಿಂದೆ ನೀರು ಏರುತ್ತಾ ಹೋಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಬೀಳುವ ದಿನ ಮಣ್ಣಿನ ಜೊತೆ ಇಟ್ಟಿಗೆಯೂ ಅಡಿಗೆಮನೆಗೆ ನುಗ್ಗುತ್ತದೆ.

ಈಗಾಗಲೇ ಗೋಡೆ ಇದ್ದವರು ಜೋರು ಮಳೆ ನಿಂತ ಮೇಲೆ ಹೋಗಿ ಪೈಪುಗಳನ್ನು ನೋಡಿ. ನೀರು ಜಿನುಗುತ್ತಿದ್ದರೆ ಒಳ್ಳೆಯದು, ಗೋಡೆ ಉಸಿರಾಡುತ್ತಿದೆ. ಧರೆ ತೊಯ್ದು ತೊಪ್ಪೆಯಾಗಿದ್ದೂ ಪೈಪು ಒಣಗಿದ್ದರೆ ಒಳಗೆ ಕಟ್ಟಿಕೊಂಡಿದೆ ಅಂತ ಅರ್ಥ. ಕಬ್ಬಿಣದ ಸಲಾಕೆ ತೂರಿಸಿ ಬಿಡಿಸಬೇಕು. ಬರುವ ನೀರು ಕೆಂಪಗಿದ್ದರೆ ಮಣ್ಣು ಕೊಚ್ಚಿ ಬರುತ್ತಿದೆ. ಗೋಡೆ ಹೊಟ್ಟೆ ಬಿಟ್ಟಿದ್ದರೆ ಆ ಬದಿಯ ಕೋಣೆ ಅವತ್ತೇ ಖಾಲಿ ಮಾಡಿ.

ಆಳೆತ್ತರ ದಾಟಿದ ಧರೆಗೆ ಇಂಜಿನಿಯರ್ ಬರದೆ ಗೋಡೆ ಕಟ್ಟಿಸಬೇಡಿ. ಮೇಸ್ತ್ರಿ ಎಷ್ಟೇ ಅನುಭವಸ್ಥ ಆಗಿರಲಿ, ಮಣ್ಣಿನ ಒತ್ತಡ ಕಣ್ಣಳತೆಗೆ ಸಿಗುವುದಿಲ್ಲ.

ತಂತಿ ಬಲೆಯೊಳಗೆ ಕಾಡುಗಲ್ಲು ತುಂಬಿ ಪೇರಿಸುವ ಗೇಬಿಯನ್ ಗೋಡೆ ಇನ್ನೊಂದು ದಾರಿ. ಘಾಟ್ ರಸ್ತೆ ಪಕ್ಕ ನೋಡಿರುತ್ತೀರಿ. ಕಲ್ಲಿನ ಸಂದಿಯಿಂದ ನೀರು ತಾನಾಗಿ ಹೊರಬರುತ್ತದೆ. ನೆಲ ಸ್ವಲ್ಪ ಅಲುಗಿದರೂ ಬಿರುಕು ಬಿಡದೆ ಬಾಗಿಕೊಳ್ಳುತ್ತದೆ. ಕಲ್ಲು ಹತ್ತಿರದಲ್ಲೇ ಸಿಕ್ಕರೆ ಕಾಂಕ್ರೀಟ್‌ಗಿಂತ ನನಗೆ ಇದೇ ಇಷ್ಟ. ತೊಂದರೆ ಜಾಗದ್ದು. ಬುಡದಲ್ಲಿ ಒಂದು ಮೀಟರ್ ಅಗಲವಾದರೂ ಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಧರೆಗೂ ಹಿಂದಿನ ಬಾಗಿಲಿಗೂ ನಡುವೆ ಇರುವುದೇ ನಾಲ್ಕಡಿ. ಆ ಜಾಗಕ್ಕೋಸ್ಕರ ಬುಡ ಕಡಿಯುವುದಾದರೆ ಗೇಬಿಯನ್ ಬೇಡ.

ಲಾವಂಚ: ಬಿಸಿಲಿದ್ದರೆ ಮಾತ್ರ

ಲಾವಂಚದ ಬೇರು ನೆಟ್ಟಗೆ ಕೆಳಕ್ಕೆ ಎರಡು ಮೂರು ಮೀಟರ್ ಇಳಿಯುತ್ತದೆ. ಮೇಲ್ಮಣ್ಣು ಕೊಚ್ಚಿ ಹೋಗುವುದನ್ನು, ಸಣ್ಣಪುಟ್ಟ ಜರಿತವನ್ನು ಚೆನ್ನಾಗಿ ತಡೆಯುತ್ತದೆ. ಅಷ್ಟಕ್ಕೇ ಅದರ ಶಕ್ತಿ. ಬೇರಿಗಿಂತ ಆಳದಲ್ಲಿ ಗುಡ್ಡವೇ ಜಾರಿದರೆ ಹುಲ್ಲೂ ಜೊತೆಗೇ ಹೋಗುತ್ತದೆ.

ನರ್ಸರಿಯವರು ಎಷ್ಟೋ ಸಲ ಹೇಳದೆ ಬಿಡುವ ವಿಷಯ ನೆರಳು. ಲಾವಂಚಕ್ಕೆ ನೆರಳು ಆಗಿಬರುವುದಿಲ್ಲ, ಅದರಲ್ಲೂ ಎಳೆಯದಿದ್ದಾಗ. ಕಾಫಿ ತೋಟದ ಮರಗಳ ಕೆಳಗಿನ ಧರೆಗೆ ನೆಟ್ಟರೆ ಸೊರಗಿ ಹೋಗುತ್ತದೆ, ದುಡ್ಡೂ ದಂಡ. ನೆಟ್ಟಗೆ ಗೋಡೆಯ ಹಾಗೆ ನಿಂತ ಧರೆಯಲ್ಲೂ ನಿಲ್ಲುವುದಿಲ್ಲ. ಇಳಿಜಾರಾಗಿರುವ, ಬಿಸಿಲು ಬೀಳುವ ಧರೆಗೆ ಮಳೆ ಹಿಡಿಯುವ ಹೊತ್ತಲ್ಲಿ ಗೇಣಿಗಿಂತ ಹತ್ತಿರ ಹತ್ತಿರ ಅಡ್ಡ ಸಾಲಾಗಿ ನೆಡಿ. ಬೇರು ಹಿಡಿತಕ್ಕೆ ಬರಲು ಒಂದು ಮಳೆಗಾಲವಾದರೂ ಬೇಕು. ಈ ವರ್ಷ ನೆಟ್ಟು ಈ ವರ್ಷವೇ ನಂಬಿ ಮಲಗುವ ಹಾಗಿಲ್ಲ.

ನೆರಳಿನ ಧರೆಗೆ ಏನು? ಅಲ್ಲಿ ತಾನಾಗಿ ಬೆಳೆದ ಜರಿಗಿಡ, ಪಾಚಿ, ಹುಲ್ಲು ಇರುತ್ತದಲ್ಲ, ಅದನ್ನು ಮುಟ್ಟದೆ ಬಿಡಿ. ಮನೆ ಚೊಕ್ಕ ಕಾಣಲಿ ಅಂತ ಪ್ರತಿ ವರ್ಷ ಗುದ್ದಲಿಯಲ್ಲಿ ಕೆರೆದು ಕೆಂಪು ಮಣ್ಣು ಎದ್ದು ಕಾಣುವ ಹಾಗೆ ಮಾಡುತ್ತೇವೆ. ಕೆಲವರು ಕಳೆನಾಶಕವನ್ನೂ ಹೊಡೆಯುತ್ತಾರೆ. ದಯವಿಟ್ಟು ಬೇಡ.

ಹಿಟಾಚಿ

ಧರೆಯನ್ನು ಮೆಟ್ಟಿಲಾಗಿ ಅಥವಾ ಇಳಿಜಾರಾಗಿ ಹಿಂದಕ್ಕೆ ಒರಗಿಸುವುದು ಒಳ್ಳೆಯ ಕೆಲಸ. ಎತ್ತರ ಎಷ್ಟೋ ಕನಿಷ್ಠ ಅಷ್ಟಾದರೂ ಹಿಂದಕ್ಕೆ ಹೋಗಬೇಕು. ಅದಕ್ಕೆ ಮೇಲೆ ನಿಮ್ಮದೇ ಜಾಗ ಇರಬೇಕು. ಜಾಗ ಇಲ್ಲದೆ ನೆಟ್ಟಗೇ ಇನ್ನೂ ನಾಲ್ಕಡಿ ಕಡಿಸುವುದಾದರೆ ಅಪಾಯವನ್ನು ದುಡ್ಡು ಕೊಟ್ಟು ತಂದ ಹಾಗೆ. ಕೆಲಸ ಏನಿದ್ದರೂ ಬೇಸಿಗೆ ಶುರುವಿನಲ್ಲೇ ಮುಗಿಸಿ. ಮೇ ತಿಂಗಳಲ್ಲಿ ಕಡಿದ ಹಸಿ ಧರೆ ಜುಲೈಗೆ ಬರಿಮೈಯಲ್ಲಿ ನಿಂತಿರುತ್ತದೆ. ತೆಗೆದ ಮಣ್ಣನ್ನು ಹಳ್ಳಕ್ಕೋ ಕೆಳಗಿನ ಇಳಿಜಾರಿಗೋ ಸುರಿಸಬೇಡಿ, ಸಡಿಲ ಮಣ್ಣು ಎಲ್ಲಕ್ಕಿಂತ ಮೊದಲು ಹರಿಯುತ್ತದೆ. ಧರೆಯ ಅಂಚಿನಲ್ಲೇ ನಿಂತ ಎತ್ತರದ ಸಿಲ್ವರ್ ಓಕ್ ಗಾಳಿಗೆ ತೂಗಾಡಿ ಮಣ್ಣು ಸಡಿಲಿಸುತ್ತದೆ. ಅದನ್ನು ಕಡಿಸಿ ಬುಡ ಬೇರು ಹಾಗೇ ಬಿಡಿ.

ಹಾಗಾದರೆ ನಿಮ್ಮ ಮನೆಗೆ ಯಾವುದು?

ಧರೆ ಆಳೆತ್ತರದೊಳಗಿದ್ದರೆ ಚರಂಡಿ, ಸೂರಿನ ದೋಣಿ ಮತ್ತು ಹಸಿರು ಹೊದಿಕೆ ಸಾಕಾಗಬಹುದು. ಅದಕ್ಕಿಂತ ಎತ್ತರವಿದ್ದು ಮೇಲೆ ಜಾಗ ಇದ್ದರೆ ಚರಂಡಿ ಮಾಡಿಸಿ, ಧರೆಯನ್ನು ಒರಗಿಸಿ, ಆಮೇಲೆ ಲಾವಂಚ. ಜಾಗ ಇಲ್ಲದಿದ್ದರೆ ಚರಂಡಿ ಮತ್ತು ಇಂಜಿನಿಯರ್ ಹೇಳಿದ ಗೋಡೆ, ಎರಡು ವರ್ಷದ ದುಡ್ಡು ಕೂಡಿಸಿಯಾದರೂ. ಮನೆಗಿಂತ ಎತ್ತರದ ಧರೆ ಮನೆಗೆ ತಾಗಿದಂತೆ ನಿಂತಿದ್ದರೆ ಯಾವ ಗೋಡೆಯನ್ನೂ ಪೂರ್ತಿ ನಂಬಬೇಡಿ. ಮಲಗುವ ಜಾಗವನ್ನು ಮುಂದಿನ ಜಗಲಿ ಕಡೆಗೆ ತನ್ನಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಮಕ್ಕಳ, ವಯಸ್ಸಾದವರ ಹಾಸಿಗೆ ಧರೆ ಬದಿಯ ಕೋಣೆಯಲ್ಲಿ ಮಳೆಗಾಲ ಮುಗಿಯುವವರೆಗೆ ಇರಲೇಬಾರದು.

ಇನ್ನು ಕೆಲವು ಮನೆಗಳಿಗೆ ಇದ್ಯಾವುದೂ ಉತ್ತರವಲ್ಲ. ಧರೆಯ ಮೇಲೆ ತೋಟದಲ್ಲಿ ಬಿಲ್ಲಿನ ಹಾಗೆ ಬಾಗಿದ ಬಿರುಕು ಕಂಡರೆ, ಇಲ್ಲದ ಕಡೆ ಹೊಸ ಒರತೆ ಎದ್ದರೆ, ಕರೆಂಟ್ ಕಂಬ ವಾಲುತ್ತಿದ್ದರೆ, ಇದ್ದಕ್ಕಿದ್ದಂತೆ ಬಾಗಿಲು ಹಾಕಲು ಬಿಗಿಯಾದರೆ ಗುಡ್ಡವೇ ಅಲುಗುತ್ತಿದೆ. ಪಕ್ಕದ ಹಳ್ಳ ಮಳೆಯಲ್ಲೂ ದಿಢೀರ್ ಅಂತ ಬತ್ತಿದರೆ ಮೇಲೆ ಎಲ್ಲೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿರಬಹುದು. ಆಗ ಮನೆಯಲ್ಲಿ ನಿಲ್ಲದೆ ಹೊರಡಿ, ತಾಲ್ಲೂಕು ಕಚೇರಿಗೆ ತಿಳಿಸಿ. ಹೊಳೆ ದಂಡೆಯ ಮನೆಗೂ ಧರೆ ಕೆಳಗಿನ ಮನೆಗೂ ಇರುವ ವ್ಯತ್ಯಾಸ ಇದು: ಸಕಲೇಶಪುರದಲ್ಲಿ ಹೇಮಾವತಿ, ಶೃಂಗೇರಿಯಲ್ಲಿ ತುಂಗೆ ಏರುವಾಗ ಸಾಮಾನು ಎತ್ತಿಡಲು ಒಂದಿಷ್ಟು ಹೊತ್ತು ಸಿಗುತ್ತದೆ. ಧರೆ ಆ ಹೊತ್ತು ಕೊಡುವುದಿಲ್ಲ.

ಮುನ್ಸೂಚನೆ: ಫೋನೋ, ನಿಮ್ಮದೇ ಮಳೆ ಮಾಪಕವೋ?

ಎರಡೂ ಬೇಕು, ಆದರೆ ಕೆಲಸ ಬೇರೆ ಬೇರೆ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಬರುವುದು ಜಿಲ್ಲೆಯ ಲೆಕ್ಕದಲ್ಲಿ. ಹಾಸನ ಜಿಲ್ಲೆಗೆ ಒಂದು ಬಣ್ಣ ಅಂದರೆ ಬಯಲುಸೀಮೆಯ ಅರಸೀಕೆರೆಗೂ ಅದೇ, ಮಲೆನಾಡಿನ ಹೆತ್ತೂರಿಗೂ ಅದೇ. ನಾಳೆ ನಾಡಿದ್ದಿನ ತಯಾರಿಗೆ ಅದು ಚೆನ್ನಾಗಿದೆ. ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಚೇತ್ ಆ್ಯಪ್ ಹಾಕಿಕೊಂಡರೆ ಎಚ್ಚರಿಕೆ ತಾನಾಗಿ ಬರುತ್ತದೆ. ಸಿಡಿಲಿಗೆ ದಾಮಿನಿ ಆ್ಯಪ್ ಇದೆ, ಏಪ್ರಿಲ್ ಮೇ ತಿಂಗಳಲ್ಲಿ ತೋಟದ ಕೆಲಸದವರಿಗೆ ಉಪಯೋಗ. ಭೂಕುಸಿತದ್ದೇ ಮುನ್ಸೂಚನೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2024ರಲ್ಲಿ ಜನರಿಗೆ ಕೊಡಲು ಶುರು ಮಾಡಿದಾಗ ಮೊದಲು ಆಯ್ದುಕೊಂಡದ್ದು ಡಾರ್ಜಿಲಿಂಗ್, ಕಾಲಿಂಪಾಂಗ್, ನೀಲಗಿರಿ. ನಿಮ್ಮ ಮನೆಯ ಧರೆ ಇಂಥ ರಾತ್ರಿ ಬೀಳುತ್ತದೆ ಅಂತ ಯಾವ ಫೋನೂ ಹೇಳುವುದಿಲ್ಲ.

ಅದಕ್ಕೇ ಮನೆಯಲ್ಲೊಂದು ಮಳೆ ಮಾಪಕ ಇರಲಿ. ನಮ್ಮ ತೋಟಗಳಲ್ಲಿ ಇದು ಹೊಸದೇನಲ್ಲ. ಕಾಫಿ ಹೂ ಅರಳಿಸುವ ಬ್ಲಾಸಮ್ ಮಳೆ ಎಷ್ಟು ಸೆಂಟ್ ಬಿತ್ತು ಅಂತ ಬರೆದಿಡುವ ಮಂದಿ ನಾವು. ಅದೇ ಪುಸ್ತಕವನ್ನು ಜುಲೈ, ಆಗಸ್ಟ್‌ನಲ್ಲಿ ಜೀವ ಕಾಯಲು ಬಳಸಬೇಕು ಅಷ್ಟೇ. ಮಾಪಕ ಇಲ್ಲದವರು ಮೇಲಿಂದ ಕೆಳಗೆ ಒಂದೇ ಅಗಲ ಇರುವ ಡಬ್ಬವನ್ನು ಬಯಲಲ್ಲಿ ಇಟ್ಟು ಸ್ಕೇಲಿನಿಂದ ಅಳೆದರೂ ಆಯ್ತು. ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನದು. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡೂವರೆ, ನಾಲ್ಕೂವರೆ, ಎಂಟು ಇಂಚು. ಒಂದು ವಾರ ಬಿಡದೆ ಸುರಿದ ಮೇಲೆ ಒಂದೇ ದಿನ ನಾಲ್ಕೂವರೆ ಇಂಚು ತುಂಬಿದರೆ ಧರೆ ಕೆಳಗಿನ ಮನೆಯವರು ಆ ರಾತ್ರಿ ಬೇರೆ ಕಡೆ ಮಲಗುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಇದು ಕಾನೂನೂ ಅಲ್ಲ, ವಿಜ್ಞಾನ ಎಳೆದ ಗೆರೆಯೂ ಅಲ್ಲ. ನಿಮ್ಮ ಧರೆ ಸಡಿಲವಿದ್ದರೆ ಇನ್ನೂ ಬೇಗ ಹೊರಡಿ.

ಊರಿಗೆ ಸುದ್ದಿ ಮುಟ್ಟಿಸಲು ಹೊಸ ವ್ಯವಸ್ಥೆ ಹುಡುಕಬೇಕಿಲ್ಲ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ಎಲ್ಲಿದೆ ಅಂತ ತಿಳಿಸುವ ವಾಟ್ಸಾಪ್ ಗುಂಪುಗಳನ್ನು ಜನ ಬೆಳಗ್ಗೆ ಎದ್ದ ಕೂಡಲೇ ನೋಡುತ್ತಾರೆ. ಸಂಜೆ ನಾಲ್ಕಕ್ಕೆ ಅದರಲ್ಲೇ ನಿಮ್ಮ ತೋಟದ ಮಳೆ ಲೆಕ್ಕ ಹಾಕಿ, ಪಕ್ಕದ ನಾಲ್ಕು ತೋಟದವರೂ ಹಾಕಲಿ. ಸಂಜೆ ಅಂದದ್ದಕ್ಕೆ ಕಾರಣ ಇದೆ. ರಾತ್ರಿ ಕರೆಂಟ್ ಹೋಗುತ್ತದೆ, ಟವರ್ ಕೈಕೊಡುತ್ತದೆ, ರಸ್ತೆಗೆ ಮರ ಬಿದ್ದಿರುತ್ತದೆ, ಕತ್ತಲಲ್ಲಿ ಆನೆ ಎದುರಾಗಬಹುದು. ಹೊರಡುವ ತೀರ್ಮಾನ ಬೆಳಕಿರುವಾಗಲೇ ಆಗಬೇಕು. ತುರ್ತಿಗೆ ಜಿಲ್ಲಾ ಕಂಟ್ರೋಲ್ ರೂಮ್ 1077, ಅದು ಸಿಗದಿದ್ದರೆ 112.

ಎಲ್ಲಿಗೆ ಹೋಗೋದು?

ನೆಂಟರ ಮನೆ ಅಂದರೆ ಮನಸ್ಸಿಗೆ ಹಿತ. ಅಜ್ಜಿಯ ಔಷಧಿ, ಮಕ್ಕಳ ಊಟ ಎಲ್ಲ ಸಲೀಸು. ಆದರೆ ಆ ನೆಂಟರ ಮನೆಯೂ ಇನ್ನೊಂದು ಧರೆಯ ಕೆಳಗಿದ್ದರೆ, ಅಥವಾ ದಾರಿಯಲ್ಲಿ ಹಳ್ಳ ದಾಟಬೇಕಾದರೆ ಲಾಭವಿಲ್ಲ. ಸರ್ಕಾರದ ಕಾಳಜಿ ಕೇಂದ್ರ ಸಾಮಾನ್ಯವಾಗಿ ಶಾಲೆಯಲ್ಲೋ ಸಮುದಾಯ ಭವನದಲ್ಲೋ ಇರುತ್ತದೆ. ಊಟ, ಡಾಕ್ಟರ್ ಬರುತ್ತಾರೆ, ನಿಮ್ಮ ಹೆಸರು ದಾಖಲಾಗುತ್ತದೆ. ತೊಂದರೆ ಏನೆಂದರೆ ಆಡಳಿತ ತೆರೆದ ಮೇಲೇ ಅದು ಸಿಗೋದು. ದನಕರು ಇರುವವರು ಅಲ್ಲಿಗೆ ಬರಲು ಹಿಂಜರಿಯುತ್ತಾರೆ, ಹಾಲು ಕರೆಯಬೇಕಲ್ವಾ. ನನಗೆ ಸರಿ ಕಾಣುವುದು ಹಂಚಿಕೊಂಡು ಹೋಗುವುದು. ವಯಸ್ಸಾದವರು, ಚಿಕ್ಕ ಮಕ್ಕಳು, ಬಸುರಿ ಬಾಣಂತಿಯರು ಪುಷ್ಯ, ಆಶ್ಲೇಷ ಮಳೆ ಕಳೆಯುವವರೆಗೆ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಇರುವ ಮಗನ, ಮಗಳ ಮನೆಯಲ್ಲಿರಲಿ. ಗಟ್ಟಿ ಇರುವವರು ಹಗಲು ಮನೆ ಕೊಟ್ಟಿಗೆ ನೋಡಿಕೊಂಡು ರಾತ್ರಿ ಊರಿನಲ್ಲೇ ಸಮತಟ್ಟು ಜಾಗದ ಮನೆಗೆ ಹೋಗಲಿ. ಹೊರಡುವ ಮುಂಚೆ ದನದ ಹಗ್ಗ ಬಿಚ್ಚಿ. ಮಳೆಗಾಲಕ್ಕೆ ಮೊದಲೇ ಮನೆಯ ನಾಲ್ಕೂ ಬದಿಯ ಫೋಟೊ, ಹಕ್ಕುಪತ್ರ, ಪಹಣಿ, ಪಾಸ್‌ಬುಕ್ ಫೋನಲ್ಲಿ ತೆಗೆದು ದೂರದ ಊರಿನಲ್ಲಿರುವ ಒಬ್ಬರಿಗೆ ಕಳಿಸಿಡಿ.

ಈ ಆಯ್ಕೆಗಳಲ್ಲಿ ಒಂದೂ ಇಲ್ಲದವರು ನಮ್ಮ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೆಲಸದವರ ಸಾಲುಮನೆಗಳಲ್ಲಿ, ಇದ್ದಾರೆ. ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳಿಗೆ ಇಲ್ಲಿ ನೆಂಟರಿಲ್ಲ, ಕನ್ನಡದ ಮೆಸೇಜ್ ಓದಲು ಬರುವುದಿಲ್ಲ. ಗುಡ್ಡ ಕಡಿದು ಮಾಡಿದ ಜಾಗದಲ್ಲಿ, ಧರೆಗೆ ಬೆನ್ನು ಕೊಟ್ಟು ನಿಂತ ಲೈನ್‌ಗಳು ಎಷ್ಟೋ ಇವೆ. ಅವರ ಹೊಣೆ ತೋಟದ ಮಾಲೀಕರದ್ದೇ. ಕಾಫಿ ಕಣ ಇರುವುದು ಸಮತಟ್ಟು ಜಾಗದಲ್ಲಿ, ಅದರ ಪಕ್ಕದ ಗೋದಾಮಿನಲ್ಲಿ ಮಳೆಗಾಲದಲ್ಲಿ ಜಾಗವೂ ಇರುತ್ತದೆ. ಜುಲೈ ಮೊದಲ ವಾರವೇ ಅಲ್ಲಿ ಚಾಪೆ, ಕಂಬಳಿ, ಕುಡಿಯುವ ನೀರು, ಒಂದು ಬ್ಯಾಟರಿ ಲೈಟು ಇಡಿಸಿ. ಬೀಗದ ಕೈಯ ಒಂದು ಪ್ರತಿ ಲೈನಿನಲ್ಲೇ ಇರುವ ಒಬ್ಬರ ಕೈಗೆ ಕೊಡಿ. ಮಳೆ ಜೋರಾದ ರಾತ್ರಿ ಯಾರ ಅಪ್ಪಣೆಗೂ ಕಾಯದೆ ಎದ್ದು ಹೋಗಬಹುದು ಅಂತ ಅವರ ಭಾಷೆ ಬಲ್ಲ, ತೋಟದ ಲೆಕ್ಕ ಬರೆಯುವ ರೈಟರ್ ಕೈಯಲ್ಲೋ ಮೇಸ್ತ್ರಿ ಕೈಯಲ್ಲೋ ಬಾಯಿಬಿಟ್ಟು ಹೇಳಿಸಿ.